ಟೋಯಿಂಗ್ ಗಾಡಿ ಮೇಂಟೆನೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಗೊರಗುಂಟೆಪಾಳ್ಯದ ಹತ್ತಿರ ನನ್ನವು ಎರಡು ಟೋಯಿಂಗ್ ಗಾಡಿ ಇವೆ. ಒಂದು ಹೊಸ ಹೊಗೆ ನಿಯಮದ ಬಿಎಸ್-6 ಫ್ಲಾಟ್‌ಬೆಡ್, ಅಂದರೆ ಇಡೀ ಕಾರನ್ನು ಬೆಡ್ ಮೇಲೆ ಹೇರುವಂಥದ್ದು. ಇನ್ನೊಂದು ಹಳೇ ಟಾಟಾ 407 ಮೇಲೆ ಕಟ್ಟಿಸಿದ ಅಂಡರ್‌ಲಿಫ್ಟ್, ಕಾರಿನ ಒಂದು ತುದಿ ಎತ್ತಿ ಎಳೆಯುವಂಥದ್ದು. ಹೊಸದಾಗಿ ಗಾಡಿ ತಗೊಂಡವರು, ಈ ಲೈನಿಗೆ ಈಗಷ್ಟೇ ಬಂದ ಹುಡುಗರು ಫೋನ್ ಮಾಡಿ ಕೇಳೋದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಬರೆದಿಟ್ಟುಬಿಟ್ಟೆ. ಕಂಪನಿ ಕೊಟ್ಟ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಪುಸ್ತಕವನ್ನೇ ನಂಬಿ, ನನ್ನನ್ನಲ್ಲ.

ನನ್ನ ಗಾಡಿ ತಿಂಗಳಿಗೆ 1,500 ಕಿಲೋಮೀಟರ್ ಓಡಿದರೆ ಹೆಚ್ಚು. ಅಷ್ಟು ಬೇಗ ಸರ್ವೀಸ್ ಯಾಕೆ ಸಾರ್?

ಎಲ್ಲರ ಮೊದಲ ಪ್ರಶ್ನೆ ಇದೇ. ಎಲ್ಲರೂ ಕೈ ಸುಟ್ಟುಕೊಳ್ಳುವುದೂ ಇಲ್ಲೇ.

ಮೀಟರ್‌ಗೆ ಗೊತ್ತಿರೋದು ಚಕ್ರ ಎಷ್ಟು ಉರುಳಿತು ಅನ್ನುವುದು ಮಾತ್ರ. ಸಿಲ್ಕ್ ಬೋರ್ಡ್ ಹತ್ತಿರ ಕಾರು ಕೆಟ್ಟು ನಿಂತಿದೆ ಅಂತ ಕಾಲ್ ಬರುತ್ತೆ. ಅಲ್ಲಿಗೆ ಹೋಗಿ ಸೇರುವಷ್ಟರಲ್ಲಿ ಒಂದೂಕಾಲು ಗಂಟೆ, ಅದರಲ್ಲಿ ಮುಕ್ಕಾಲು ಪಾಲು ಮೊದಲನೇ ಗೇರಿನಲ್ಲಿ. ಆಮೇಲೆ ಪಿಟಿಓ (ಇಂಜಿನ್ ಬಲದಿಂದ ಬೆಡ್ಡಿನ ಎಣ್ಣೆ ಪಂಪ್ ತಿರುಗಿಸುವ ಗೇರು) ಹಾಕಿ, ಇಂಜಿನ್ ಆನ್ ಇಟ್ಟು, ಬೆಡ್ ಇಳಿಸಿ, ಕಾರು ಎಳೆದು, ಬೆಲ್ಟ್ ಬಿಗಿದು ಹೊರಡುವಷ್ಟರಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಇಂಜಿನ್ ತಿರುಗುತ್ತಿದೆ, ಆಯಿಲ್ ಕಪ್ಪಾಗುತ್ತಿದೆ, ಮೀಟರ್ ಮಾತ್ರ ಸುಮ್ಮನೆ ಕೂತಿರುತ್ತೆ.

ಇಂಜಿನ್ ಒಂದು ಗಂಟೆ ನಿಂತಲ್ಲೇ ಓಡಿದರೆ 40ರಿಂದ 50 ಕಿ.ಮೀ. ಓಡಿದಷ್ಟು ಸವೆತ ಅಂತ ಹಿಡಿಯುವುದು ರೂಢಿ. ದಿನಕ್ಕೆ ಮೂರು ಗಂಟೆ ಹಾಗೆ ನಿಂತು ಓಡಿದರೆ, 25 ದಿನಕ್ಕೆ 3,000ದಿಂದ 3,750 ಕಿ.ಮೀ. ಲೆಕ್ಕಕ್ಕೇ ಬರಲಿಲ್ಲ. ಅಂದರೆ ನಿಮ್ಮ 1,500ರ ಗಾಡಿ ನಿಜವಾಗಿ ದುಡಿದದ್ದು 5,000ದ ಹತ್ತಿರ. ಹಾಗಾಗಿ ಇಂಜಿನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಅವರ್ ಮೀಟರ್ ಒಂದು ಹಾಕಿಸಿ, ದೊಡ್ಡ ಖರ್ಚಿನ ಬಾಬತ್ತಲ್ಲ. ಅದೂ ಬೇಡ ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಎಷ್ಟು ಗಂಟೆ, ಎಷ್ಟು ಲಿಫ್ಟ್, ಯಾವ ಕಾರು. ನಾನು ಸರ್ವೀಸ್ ಮಾಡಿಸೋದು ಆ ಪುಸ್ತಕ ನೋಡಿ.

ಬೆಳಗ್ಗೆ ಹೊರಡುವ ಮುಂಚೆ ಏನೇನು ನೋಡಬೇಕು?

ಹತ್ತು ನಿಮಿಷದ ಕೆಲಸ. ಇಂಜಿನ್ ತಣ್ಣಗಿರುವಾಗಲೇ ಆಯಿಲ್ ಕಡ್ಡಿ ತೆಗೆದು ನೋಡಿ, ಕೂಲಂಟ್ ನೋಡಿ. ರಾತ್ರಿ ಗಾಡಿ ನಿಂತಿದ್ದ ಜಾಗದಲ್ಲಿ ನೆಲ ನೋಡಿ. ಇದನ್ನು ಯಾರೂ ಮಾಡಲ್ಲ, ಆದರೆ ಮುಕ್ಕಾಲು ಪಾಲು ಕಾಯಿಲೆ ನೆಲದ ಮೇಲೇ ಬರೆದಿರುತ್ತೆ. ಮುಂದಿನ ಕಡೆ ಕಪ್ಪು ಚುಕ್ಕೆ ಇದ್ದರೆ ಇಂಜಿನ್ ಆಯಿಲ್, ಹಿಂದೆ ಪಂಪ್ ಕೆಳಗೆ ತೆಳು ಎಣ್ಣೆ ಇದ್ದರೆ ಹೈಡ್ರಾಲಿಕ್, ಅಂದರೆ ಬೆಡ್ ಎತ್ತಿ ಇಳಿಸುವ ಎಣ್ಣೆ, ಚಕ್ರದ ಒಳಗೋಡೆಯಲ್ಲಿ ಒದ್ದೆ ಕಂಡರೆ ಬ್ರೇಕ್ ಆಯಿಲ್ ಇಲ್ಲವೇ ಹಬ್ ಸೀಲ್.

ಏರ್ ಬ್ರೇಕ್ ಗಾಡಿಯಾದರೆ ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರು ಬಿಡಿ. ಆಮೇಲೆ ರಾಡ್ ಹಿಡಿದು ಆರೂ ಟೈರ್ ಬಡಿಯಿರಿ. ಗಾಳಿ ಸರಿಯಿದ್ದರೆ ರಾಡ್ ಪುಟಿಯುತ್ತೆ, ಕಡಿಮೆ ಇದ್ದರೆ ದಿಂಬಿಗೆ ಹೊಡೆದ ಹಾಗೆ 'ಧಪ್' ಅನ್ನುತ್ತೆ. ಲೈಟು, ಇಂಡಿಕೇಟರು, ಮೇಲಿನ ಹಳದಿ ಬೀಕನ್. ಕೊನೆಗೆ ಗಾಡಿ ಸ್ಟಾರ್ಟ್ ಮಾಡಿ, ಖಾಲಿ ಬೆಡ್ ಒಂದು ಸಲ ಹಿಂದೆ ಹೋಗಿ ಮುಂದೆ ಬರಲಿ. ಹಳೇ ಆಪರೇಟರ್‌ಗಳು ಇದಕ್ಕೆ 'ಮೈ ಮುರಿಸೋದು' ಅಂತಾರೆ.

ಇಂಜಿನ್ ಆಯಿಲ್ ಯಾವುದು ಹಾಕಲಿ?

15ಡಬ್ಲ್ಯೂ-40 ಅಂತ ಡಬ್ಬದ ಮೇಲೆ ಬರೆದ ಗ್ರೇಡ್ ನಮ್ಮ ಹವೆಗೆ ಸರಿಯಾದದ್ದು. ಬಿಎಸ್-4 ಗಾಡಿಗೆ ಸಿಐ-4 ಪ್ಲಸ್ ಸಾಕು. 2020ರ ಏಪ್ರಿಲ್ 1ರ ನಂತರ ಬಂದ ಬಿಎಸ್-6 ಗಾಡಿಗೆ ಸಿಕೆ-4 ಅಥವಾ ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು, ಇಲ್ಲದಿದ್ದರೆ ಸೈಲೆನ್ಸರಿನೊಳಗೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಆಯಿಲ್ ಬದಲಾಯಿಸಿದಾಗ ಫಿಲ್ಟರನ್ನೂ ಬದಲಾಯಿಸಿ. ಕಲಾಸಿಪಾಳ್ಯದಲ್ಲಿ, ಜೆ.ಸಿ. ರಸ್ತೆಯಲ್ಲಿ ಎಲ್ಲ ಫಿಲ್ಟರೂ ಸಿಗುತ್ತೆ, ಅದರ ನಕಲಿಯೂ ಸಿಗುತ್ತೆ. ಅರ್ಧ ಬೆಲೆಗೆ ಕೊಟ್ಟರೆ ಯಾಕೆ ಕೊಟ್ಟ ಅಂತ ಯೋಚಿಸಿ.

ಏರ್ ಫಿಲ್ಟರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮೆಟ್ರೋ ಕಾಮಗಾರಿ, ವೈಟ್ ಟಾಪಿಂಗ್ ನಡೆಯುವ ರಸ್ತೆಗಳಲ್ಲೇ ನಮ್ಮ ದಿನ ಕಳೆಯೋದು. ಪುಸ್ತಕದಲ್ಲಿ ಬರೆದ ಅವಧಿ ಆ ಧೂಳಿಗೆ ಹೊಂದಲ್ಲ. ಪೀಣ್ಯ ಕಡೆ ಹೆಚ್ಚು ಓಡುವ ಗಾಡಿಯ ಫಿಲ್ಟರ್ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟು ಸ್ವಚ್ಛ ಮಾಡೋಕೆ ಹೋದರೆ ಕಾಗದ ತೂತಾಗುತ್ತೆ, ಧೂಳು ನೇರ ಟರ್ಬೋಗೆ ಹೋಗುತ್ತೆ.

ವಿಂಚ್ ರೋಪ್ ಇನ್ನೂ ಗಟ್ಟಿಯಾಗೇ ಇದೆ. ಯಾವಾಗ ಬದಲಾಯಿಸಬೇಕು?

ವಿಂಚ್ ಅಂದರೆ ಕಾರನ್ನು ಬೆಡ್ ಮೇಲೆ ಎಳೆಯುವ ಡ್ರಮ್ಮು. ಅದರ ರೋಪ್ ತುಂಡಾಗುವವರೆಗೆ ಕಾಯುವ ವಸ್ತು ಅಲ್ಲ. ಭಾರ ಎಳೆಯುವಾಗ ಕಡಿದ ಉಕ್ಕಿನ ರೋಪ್ ಹಿಂದಕ್ಕೆ ಬೀಸಿ ಬಂದರೆ ಕಾಲು ಮುರಿಯುತ್ತೆ, ಕಣ್ಣು ಹೋಗುತ್ತೆ. ಅದಕ್ಕೇ ರೋಪ್ ಎಳೆಯುವಾಗ ಅದರ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ, ಕಾರಿನ ಓನರ್ ವಿಡಿಯೋ ತೆಗೀತೀನಿ ಅಂದರೂ ಸರಿ.

ರೋಪ್ ಅಂದರೆ ಸಣ್ಣ ತಂತಿಗಳನ್ನು ಹೊಸೆದು ಎಳೆ ಮಾಡಿ, ಅಂಥ ಆರು ಎಳೆಗಳನ್ನು ನಡುವಿನ ತಿರುಳಿನ ಸುತ್ತ ಮತ್ತೆ ಹೊಸೆದದ್ದು. ಒಂದು ಎಳೆ ರೋಪಿನ ಸುತ್ತ ಪೂರ್ತಿ ಒಂದು ಸುತ್ತು ಬರಲು ಇಷ್ಟು ಉದ್ದ ಅಂತ ಇರುತ್ತೆ. ಅಷ್ಟು ಉದ್ದದೊಳಗೆ ಒಟ್ಟು 6 ತಂತಿ ಕಡಿದಿದ್ದರೆ, ಅಥವಾ ಒಂದೇ ಎಳೆಯಲ್ಲಿ 3 ಕಡಿದಿದ್ದರೆ, ಆ ರೋಪ್ ಮುಗಿಯಿತು. ಕ್ರೇನ್‌ಗಳ ರೋಪಿಗೆ ಹಾಕುವ ಲೆಕ್ಕ ಇದು, ನಾನು ವಿಂಚಿಗೂ ಇದನ್ನೇ ಹಿಡಿಯುತ್ತೇನೆ. ಕಡಿದದ್ದು ಕಾಣದಿದ್ದರೂ ರೋಪ್ ಒಂದು ಕಡೆ ಮಡಚಿ ಕೋನ ಬಿದ್ದಿದ್ದರೆ, ಎಳೆ ಬಿಚ್ಚಿಕೊಂಡು ಗುಬ್ಬಿಗೂಡಿನ ಹಾಗೆ ಉಬ್ಬಿದ್ದರೆ, ವೆಲ್ಡಿಂಗ್ ಕಿಡಿ ತಾಗಿ ನೀಲಿಯಾಗಿದ್ದರೆ ಅದೂ ಮುಗಿದ ಹಾಗೇ.

ನೋಡುವುದು ಹೇಗೆ? ಭಾನುವಾರ ಬೆಳಗ್ಗೆ ಆರು ಗಂಟೆಗೆ ಸರ್ವೀಸ್ ರೋಡ್ ಖಾಲಿ ಇರುತ್ತೆ. ಡ್ರಮ್ಮಿನಲ್ಲಿ ಕೊನೆಯ ಐದು ಸುತ್ತು ಬಿಟ್ಟು ಮಿಕ್ಕದ್ದನ್ನೆಲ್ಲ ಹೊರಗೆಳೆದು ಉದ್ದಕ್ಕೆ ಹಾಸುತ್ತೇವೆ. ನಮ್ಮ ಹುಡುಗ ಚರ್ಮದ ಗ್ಲೌಸ್ ಹಾಕಿ, ಹಳೇ ಬನಿಯನ್ ಬಟ್ಟೆಯನ್ನು ರೋಪಿನ ಸುತ್ತ ಸಡಿಲವಾಗಿ ಹಿಡಿದು ತುದಿಯಿಂದ ಡ್ರಮ್ಮಿನ ತನಕ ನಡೆಯುತ್ತಾನೆ. ಅವಸರ ಮಾಡಲ್ಲ. ಕಡಿದ ತಂತಿಯ ಮೊನೆ ಎಲ್ಲಿದೆಯೋ ಅಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತೆ. ಅಲ್ಲಿ ಸೀಮೆಸುಣ್ಣದಲ್ಲಿ ಗೀಟು. ಕಳೆದ ವರ್ಷ ಹಾಗೆ ನಡೆಯುತ್ತಾ ಕೊಕ್ಕೆಯಿಂದ ಎರಡು ಮಾರು ದೂರದಲ್ಲಿ ಅಂಗೈ ಅಗಲದಲ್ಲೇ ನಾಲ್ಕು ಗೀಟು ಬಿತ್ತು. ದೂರದಿಂದ ನೋಡಿದರೆ ಹೊಸ ರೋಪಿನ ಹಾಗೆ ಹೊಳೆಯುತ್ತಿತ್ತು. ಅವತ್ತೇ ತೆಗೆಸಿದೆ.

ರೋಪ್ ವಾಪಸ್ ಸುತ್ತುವಾಗ ಸ್ವಲ್ಪ ಭಾರ ಕೊಟ್ಟು, ಪಕ್ಕಪಕ್ಕ ಕೂರುವ ಹಾಗೆ ಸುತ್ತಿ. ಸಡಿಲವಾಗಿ ಸುತ್ತಿದರೆ ಮುಂದಿನ ಸಲ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಹೋಗುತ್ತೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ವಿಂಚಿನ ಮೇಲೆ ಬರೆದ ಎಳೆಯುವ ಶಕ್ತಿ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಪದರ ಏರಿದ ಹಾಗೆ ಶಕ್ತಿ ಇಳಿಯುತ್ತೆ. ಕಾರು ಹತ್ತಿರವಿದ್ದರೆ ರೋಪ್ ಬಹುಪಾಲು ಡ್ರಮ್ಮಿನಲ್ಲೇ ಇರುತ್ತೆ, ಹಾಗಾಗಿ ಭಾರದ ಕಾರು ಎಳೆಯೋಕೆ ವಿಂಚ್ ತಿಣುಕಿದರೆ ವಿಂಚ್ ಕೆಟ್ಟಿದೆ ಅಂತಲ್ಲ.

ತುದಿಯ ಯು ಕ್ಲ್ಯಾಂಪ್ ಹಾಕುವಾಗ ತಟ್ಟೆಯ ಭಾಗ ಎಳೆಯುವ ರೋಪಿನ ಕಡೆ, ಯು ಭಾಗ ಮಡಚಿದ ಸಣ್ಣ ತುದಿಯ ಕಡೆ ಬರಬೇಕು. ತಿರುಗಾಮುರುಗಾ ಹಾಕಿದ್ದನ್ನು ನಾನು ವಾರಕ್ಕೊಮ್ಮೆಯಾದರೂ ರಸ್ತೆಯಲ್ಲಿ ನೋಡುತ್ತೇನೆ.

ಬೆಲ್ಟ್, ಸರಪಳಿ, ಕೊಕ್ಕೆ?

ಬೆಲ್ಟಿನ ಅಂಚು ಸೀಳಿದ್ದರೆ ಬಿಸಾಡಿ. ಗಂಟು ಹಾಕಿ ಓಡಿಸುವವರಿದ್ದಾರೆ. ಗಂಟು ಬಿದ್ದ ಬೆಲ್ಟಿನ ಬಲ ಅರ್ಧಕ್ಕರ್ಧ ಹೋಯಿತು. ಬಿಸಿಲಿಗೆ ಬಣ್ಣ ಬಿಟ್ಟು ಗರಿಗರಿಯಾದ ಬೆಲ್ಟೂ ಅಷ್ಟೇ. ಸರಪಳಿಯ ಕೊಂಡಿ ಉದ್ದವಾಗಿದ್ದರೆ ವೆಲ್ಡಿಂಗ್ ಮಾಡಿಸಬೇಡಿ, ಹೊಸದು ತನ್ನಿ. ಕೊಕ್ಕೆಯ ಬಾಯಿ ಹೊಸದರಲ್ಲಿದ್ದಕ್ಕಿಂತ 5 ಶೇಕಡಾ ಅಗಲವಾದರೂ ಅದು ಬಗ್ಗಿದೆ ಅಂತಲೇ ಅರ್ಥ. ಹೊಸ ಕೊಕ್ಕೆ ತಂದ ದಿನವೇ ಬಾಯಿಯ ಅಳತೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊಕ್ಕೆಯ ನಾಲಿಗೆ, ಅಂದರೆ ಆ ಸ್ಪ್ರಿಂಗ್ ಪಟ್ಟಿ, ಮುರಿದಿದ್ದರೆ ಆ ದಿನ ಡ್ಯೂಟಿ ಇಲ್ಲ.

ಹೈಡ್ರಾಲಿಕ್ ಪೈಪಿನಲ್ಲಿ ಸ್ವಲ್ಪ ಜಿನುಗುತ್ತಿದೆ. ಓಡಿಸಬಹುದಾ?

ನಾನೂ ಓಡಿಸಿದ್ದೆ. ಒಂದು ತಿಂಗಳು ಚಿಂದಿ ಬಟ್ಟೆ ಸುತ್ತಿಕೊಂಡು ಓಡಿಸಿದೆ. 'ಬರೋ ವಾರ ಹಾಕಿಸೋಣ' ಅಂತ ನಾಲ್ಕು ವಾರ ಹೇಳಿದೆ. ಆಮೇಲೊಂದು ರಾತ್ರಿ ಎರಡು ಗಂಟೆಗೆ ಹೆಬ್ಬಾಳ ಫ್ಲೈಓವರ್ ಮೇಲೆ, ಏರ್‌ಪೋರ್ಟಿಂದ ಬರುತ್ತಿದ್ದವರ ಕಾರು ಅರ್ಧ ಬೆಡ್ ಮೇಲೆ ಏರಿತ್ತು, ಪೈಪ್ ಸಿಡಿಯಿತು. ಬೆಡ್ ಹೊರಗೆ ಚಾಚಿದ ಹಾಗೇ ನಿಂತಿತು, ಒಳಗೂ ಬರಲ್ಲ ಕೆಳಗೂ ಇಳಿಯಲ್ಲ. ರಸ್ತೆ ತುಂಬ ಎಣ್ಣೆ. ಹಿಂದೆ ಬರುವ ಬೈಕಿನವರು ಬೀಳದಿರಲಿ ಅಂತ ನಾನೂ ಹುಡುಗನೂ ಡಿವೈಡರ್ ಪಕ್ಕದ ಮಣ್ಣನ್ನು ಕೈಯಲ್ಲಿ ಬಾಚಿ ಎರಚಿದೆವು. ಕೊನೆಗೆ ನನ್ನ ಗಾಡಿ ಬಿಡಿಸೋಕೆ ಇನ್ನೊಬ್ಬರ ಟೋಯಿಂಗ್ ಗಾಡಿ ಕರೆಸಬೇಕಾಯಿತು. ಆ ಬಿಲ್ಲನ್ನು ಫ್ರೇಮ್ ಹಾಕಿಸಬೇಕು ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಹಾಗಾಗಿ ಜಿನುಗು ಕಂಡ ದಿನವೇ ಪೈಪ್ ಬದಲಾಯಿಸಿ. ಹೊರಗಿನ ರಬ್ಬರ್ ಬಿರುಕು ಬಿಟ್ಟು ಒಳಗಿನ ಉಕ್ಕಿನ ಜಾಲರಿ ಕಂಡರೆ ಸೋರದಿದ್ದರೂ ಬದಲಾಯಿಸಿ. ಹಳೇ ಪೈಪ್ ತೆಗೆದುಕೊಂಡು ಹೋದರೆ ಪೀಣ್ಯದಲ್ಲಿ ಅದೇ ಅಳತೆಗೆ ಎರಡೂ ತುದಿ ಒತ್ತಿ ಕೈಗೆ ಕೊಡುತ್ತಾರೆ. ಹೆಚ್ಚು ಬಾಗುವ ಎರಡು ಪೈಪಿನ ಜೋಡಿಯೊಂದನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಂಡಿದ್ದೇನೆ, ಆ ಹೆಬ್ಬಾಳದ ರಾತ್ರಿಯಿಂದ.

ಎಲ್ಲಕ್ಕಿಂತ ಮುಖ್ಯ: ಪ್ರೆಷರ್ ಇರುವಾಗ ಎಲ್ಲಿ ಸೋರುತ್ತಿದೆ ಅಂತ ಬೆರಳಿಟ್ಟು ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ. ನೋಡೋಕೆ ಸೊಳ್ಳೆ ಕಚ್ಚಿದ ಹಾಗಿರುತ್ತೆ, ನೋವೂ ಮೊದಲು ಹೆಚ್ಚಿರಲ್ಲ, ಆದರೆ ಕೆಲವೇ ಗಂಟೆಯೊಳಗೆ ಆಪರೇಷನ್ ಮಾಡಿ ತೆಗೆಯದಿದ್ದರೆ ಬೆರಳೋ ಕೈಯೋ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಅಕಸ್ಮಾತ್ ತಾಗಿದರೆ ದೊಡ್ಡ ಆಸ್ಪತ್ರೆಗೆ ಹೋಗಿ 'ಹೈಡ್ರಾಲಿಕ್ ಆಯಿಲ್ ಪ್ರೆಷರ್‌ನಲ್ಲಿ ಒಳಗೆ ಹೋಗಿದೆ' ಅಂತ ಇದೇ ಮಾತಿನಲ್ಲಿ ಹೇಳಿ. ಬರೀ ಗಾಯ ಅಂದರೆ ಬ್ಯಾಂಡೇಜ್ ಸುತ್ತಿ ಕಳಿಸಿಬಿಡಬಹುದು.

ಹೈಡ್ರಾಲಿಕ್ ಆಯಿಲ್ ಲೆವೆಲ್ ಒಂದೊಂದು ಸಲ ಒಂದೊಂದು ತೋರಿಸುತ್ತೆ, ಯಾಕೆ?

ಬೆಡ್ ಹೊರಗಿದ್ದಾಗ ನೋಡುತ್ತಿದ್ದೀರಿ. ಸಿಲಿಂಡರುಗಳೆಲ್ಲ ಒಳಗೆ ಸೇರಿ, ಗಾಡಿ ಸಮನೆಲದಲ್ಲಿ ನಿಂತಿರುವಾಗ ನೋಡಬೇಕು. ಹೊರಗೆ ಚಾಚಿದಾಗ ಟಾಪ್‌ಅಪ್ ಮಾಡಿದರೆ ಮಡಚಿದಾಗ ಉಕ್ಕಿ ಚೆಲ್ಲುತ್ತೆ. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆ ಬರುತ್ತಿದ್ದರೆ ಪಂಪಿನ ಹೀರುವ ಕಡೆ ಗಾಳಿ ಎಳೆಯುತ್ತಿದೆ, ಅಲ್ಲಿನ ಕ್ಲಿಪ್ ಬಿಗಿ ಮಾಡಿ. ಗ್ರೇಡ್ 46 ಅಥವಾ 68, ಬಾಡಿ ಕಟ್ಟಿದವರು ಹೇಳಿದ್ದು ಯಾವುದೋ ಅದು. ಬೇರೆ ಬೇರೆ ಬೆರೆಸಬೇಡಿ.

ಬೆಡ್ ಎತ್ತಿ ಕೆಳಗೆ ನುಗ್ಗಿ ಗ್ರೀಸ್ ಹೊಡೆಯುವಾಗ ಸಪೋರ್ಟ್ ಕಂಬಿ ಹಾಕದೆ ಹೋಗಬೇಡಿ. ಎರಡು ನಿಮಿಷದ ಕೆಲಸ ಅಂತ ಹೋಗಬೇಡಿ.

ಪಿಟಿಓ ಪದೇ ಪದೇ ಹೋಗುತ್ತೆ. ಕಳಪೆ ಮಾಲಾ?

ಇರಬಹುದು. ಆದರೆ ಮೊದಲು ಡ್ರೈವರ್ ಕಾಲು ನೋಡಿ. ಕ್ಲಚ್ ಪೂರ್ತಿ ಒತ್ತಿ, ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಹಾಕಬೇಕು. ಕೆಲಸ ಮುಗಿದ ಮೇಲೆ ಪಿಟಿಓ ತೆಗೆಯದೆ ಯಶವಂತಪುರದಿಂದ ಜಾಲಹಳ್ಳಿವರೆಗೆ ಓಡಿಸಿಕೊಂಡು ಬಂದ ಪುಣ್ಯಾತ್ಮರನ್ನು ನೋಡಿದ್ದೇನೆ. ಪಂಪ್ ಬೆಂದುಹೋಗಿತ್ತು.

ಅಂಡರ್‌ಲಿಫ್ಟ್‌ನಲ್ಲಿ ದೊಡ್ಡ ಕಾರು ಎತ್ತಿದರೆ ಸ್ಟೇರಿಂಗ್ ತೇಲಿದ ಹಾಗಾಗುತ್ತೆ. ಸ್ಟೇರಿಂಗ್ ಬಾಕ್ಸ್ ರಿಪೇರಿಗೆ ಬಿಡಲಾ?

ಬಾಕ್ಸ್ ಸರಿಯೇ ಇರಬಹುದು. ಇದು ಏತದ ಲೆಕ್ಕ. ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಅಂತ ಇಟ್ಟುಕೊಳ್ಳಿ, ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ 800 ಕಿಲೋ ನೇತಾಡುತ್ತಿದೆ. ಆಗ ಮುಂದಿನ ಚಕ್ರಗಳ ಮೇಲಿಂದ 400 ಕಿಲೋ ಎದ್ದುಹೋಯಿತು. ಹಿಂದಿನ ಆಕ್ಸಲ್ ಮೇಲೆ ಬಿದ್ದದ್ದು 800 ಅಲ್ಲ, 1,200. ಮುಂದೆ ಭಾರವಿಲ್ಲದೆ ಸ್ಟೇರಿಂಗೂ ಹಿಡಿಯಲ್ಲ, ಮುಂದಿನ ಬ್ರೇಕೂ ಹಿಡಿಯಲ್ಲ. ಹಿಂದಿನ ಕಮಾನು ಪಟ್ಟಿ, ಹಬ್ ಬೇರಿಂಗ್, ಒಳಗಿನ ಟೈರು ಎಲ್ಲ ಬೇಗ ಸಾಯುವುದು ಇದಕ್ಕೇ.

ಹಾಗಾಗಿ ಅಂಡರ್‌ಲಿಫ್ಟ್ ಗಾಡಿಯಲ್ಲಿ ಯು ಬೋಲ್ಟ್ ಬಿಗಿ, ಪಟ್ಟಿಯಲ್ಲಿ ಬಿರುಕು, ಸೆಂಟರ್ ಬೋಲ್ಟ್ ಇವನ್ನು ವಾರಕ್ಕೊಮ್ಮೆ ನೋಡಬೇಕು. ಪಟ್ಟಿಗಳ ನಡುವೆ ತುಕ್ಕಿನ ಕೆಂಪು ಗೆರೆ ಹೊಸದಾಗಿ ಕಂಡರೆ ಅಲ್ಲಿ ಅಲುಗಾಟ ಶುರುವಾಗಿದೆ. ಚಾಸಿಗೆ ಬಾಡಿ ಕೂರಿಸಿದ ಬೋಲ್ಟ್‌ಗಳ ಸುತ್ತಲೂ ಹಾಗೇ ನೋಡಿ. ಎರಡು ಟನ್ ದಾಟುವ ಎಸ್‌ಯುವಿ, ನಾಲ್ಕೂ ಚಕ್ರ ಎಳೆಯುವ ಗಾಡಿ, ಎಲೆಕ್ಟ್ರಿಕ್ ಕಾರು, ಇವಕ್ಕೆಲ್ಲ ಫ್ಲಾಟ್‌ಬೆಡ್ಡೇ ಕಳಿಸಿ. ಎಲೆಕ್ಟ್ರಿಕ್ ಕಾರಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಹೋದರೆ ಮೋಟರ್ ಕೂಡ ತಿರುಗುತ್ತೆ, ಆಮೇಲೆ ಓನರ್ ಜತೆ ಜಗಳ.

ಟೈರಿಗೆ ಎಷ್ಟು ಗಾಳಿ, ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಎಷ್ಟು ಅನ್ನುವುದು ಡೋರ್ ಪಕ್ಕದ ಸ್ಟಿಕ್ಕರ್‌ನಲ್ಲಿ ಅಥವಾ ಪುಸ್ತಕದಲ್ಲಿ ಇರುತ್ತೆ. ವಾರಕ್ಕೊಮ್ಮೆ, ಬೆಳಗ್ಗೆ, ಟೈರ್ ತಣ್ಣಗಿರುವಾಗ ಗೇಜ್ ಹಾಕಿ. ಓಡಿ ಬಂದ ಬಿಸಿ ಟೈರ್ ಹೆಚ್ಚು ತೋರಿಸುತ್ತೆ, ಅದನ್ನು ನಂಬಿ ಗಾಳಿ ಬಿಟ್ಟುಬಿಡಬೇಡಿ.

ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದನ್ನು ಯಾರೂ ನೋಡಲ್ಲ. ಅದರ ವಾಲ್ವ್ ಕೈಗೆ ಸಿಗುವಂತೆ ಉದ್ದದ ಎಕ್ಸ್‌ಟೆನ್ಷನ್ ಹಾಕಿಸಿ. ಒಳಗಿನದರಲ್ಲಿ ಗಾಳಿ ಇಲ್ಲದಿದ್ದರೆ ಹೊರಗಿನದೇ ಎಲ್ಲ ಭಾರ ಹೊತ್ತು ನೈಸ್ ರಸ್ತೆಯಲ್ಲಿ ಸಿಡಿಯುತ್ತೆ. ಎರಡರ ನಡುವೆ ಜಲ್ಲಿಕಲ್ಲು ಸಿಕ್ಕಿಕೊಂಡಿರುತ್ತೆ, ತೆಗೆಯಿರಿ, ಇಲ್ಲದಿದ್ದರೆ ಹಿಂದಿನ ಬೈಕಿನವರ ಹೆಲ್ಮೆಟ್ಟಿಗೆ ಹೋಗಿ ಬೀಳುತ್ತೆ. ಜೋಡಿಯಲ್ಲಿ ಒಂದು ಹೊಸದು ಒಂದು ಬೋಳು ಹಾಕಬೇಡಿ. ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನಿಗೂ ಆಗಲ್ಲ, ಮಳೆಗಾಲಕ್ಕಂತೂ ಅದಕ್ಕೆ ಬಹಳ ಮುಂಚೆಯೇ ಬದಲಾಯಿಸುವುದು ವಾಸಿ.

ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ. ಪಂಕ್ಚರ್ ಅಂಗಡಿಯವನು ಹೇಳಲ್ಲ, ನಮಗೂ ನೆನಪಿರಲ್ಲ. ನಾನು ಸ್ಟೇರಿಂಗ್ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿಕೊಳ್ಳುತ್ತೇನೆ, ಬಿಗಿ ಮಾಡಿದ ಮೇಲೇ ಕೀಳೋದು.

ಕ್ಲಚ್ ಪ್ಲೇಟ್, ಬ್ರೇಕ್ ಲೈನರ್ ಎಷ್ಟು ದಿನ ಬರುತ್ತೆ?

ಊರೊಳಗೆ ಓಡುವ ಗಾಡಿಗೆ ಇಷ್ಟು ಅಂತ ಹೇಳೋಕೆ ಬರಲ್ಲ. ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಅರ್ಧ ಕ್ಲಚ್ ಮೇಲೆ ನಿಲ್ಲಿಸುವ ಡ್ರೈವರ್ ಒಂದು ಪ್ಲೇಟ್ ಆರು ತಿಂಗಳಲ್ಲಿ ಮುಗಿಸುತ್ತಾನೆ, ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲುವವನಿಗೆ ಅದೇ ಪ್ಲೇಟ್ ವರ್ಷಗಟ್ಟಲೆ ಬರುತ್ತೆ.

ಬ್ರೇಕ್ ವಿಷಯದಲ್ಲಿ ನಂದಿ ಬೆಟ್ಟ ನೆನಪಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ನಂದಿ 1,478. ಭಾನುವಾರ ಸೂರ್ಯೋದಯ ನೋಡಲು ಹೋದವರ ಕಾರು ಮೇಲೆ ಕೆಡುತ್ತೆ, ನಾವು ಬೆಡ್ ಮೇಲೆ ಹೇರಿಕೊಂಡು ಆ ತಿರುವುಗಳಲ್ಲಿ ಇಳಿಯಬೇಕು. ಹತ್ತಿದ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒತ್ತಿ ಹಿಡಿದುಕೊಂಡೇ ಬಂದರೆ ಮೂರನೇ ತಿರುವಿಗೆ ಲೈನರ್ ವಾಸನೆ ಬರುತ್ತೆ, ಆಮೇಲೆ ಪೆಡಲ್ ಮೆತ್ತಗಾಗುತ್ತೆ. ಆಯಿಲ್ ಬ್ರೇಕ್ ಇರುವ ಗಾಡಿಯಲ್ಲಿ ಹಳೇ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತೆ, ಬಿಸಿಗೆ ಒಳಗೇ ಕುದಿದು ಆವಿಯಾಗುತ್ತೆ, ಆವಿಯನ್ನು ಒತ್ತಿದರೆ ಬ್ರೇಕ್ ಹಿಡಿಯಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಬರೀ ಟಾಪ್‌ಅಪ್ ಮಾಡಿದರೆ ತೇವ ಹೋಗಲ್ಲ.

ಬಿಎಸ್-6 ಗಾಡಿಯಲ್ಲಿ ಡಿಪಿಎಫ್ ಲೈಟ್ ಪದೇ ಪದೇ ಬರುತ್ತೆ.

ನಮ್ಮ ಕೆಲಸದ ಶಾಪ ಅದು. ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಡಬೇಕಾದರೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು. ನಿಂತಲ್ಲೇ ಪಿಟಿಓ ಓಡಿಸುವ, ಜಾಮಿನಲ್ಲಿ ತೆವಳುವ ಗಾಡಿಗೆ ಆ ಬಿಸಿ ಬರುವುದೇ ಇಲ್ಲ. ವಾರಕ್ಕೊಂದು ಸಲ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಆಚೆಗೆ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಡೀಸೆಲ್ ದಂಡ ಅನ್ನಿಸುತ್ತೆ. ಡಿಪಿಎಫ್ ಬೆಲೆ ಕೇಳಿದ ಮೇಲೆ ಅನ್ನಿಸಲ್ಲ.

ಲೈಟ್ ಬಂದಮೇಲೆ ನಿಲ್ಲಿಸಿ ರೀಜನರೇಷನ್, ಅಂದರೆ ಆ ಮಸಿ ಸುಡುವ ಕೆಲಸ, ಮಾಡುವುದಾದರೆ ಒಣಹುಲ್ಲು, ಕಸದ ರಾಶಿ, ಷೆಡ್ಡಿನೊಳಗೆ ಬೇಡ. ಸೈಲೆನ್ಸರ್ ಬೆಂಕಿಯ ಹಾಗೆ ಕಾಯುತ್ತೆ. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಡಿಇಎಫ್ ಅಂದರೆ 32.5 ಶೇಕಡಾ ಯೂರಿಯಾ, ಮಿಕ್ಕದ್ದು ಶುದ್ಧ ನೀರು. ಗೊಬ್ಬರದಂಗಡಿಯ ಯೂರಿಯಾ ನಲ್ಲಿ ನೀರಿಗೆ ಕಲಸಿ ಹಾಕುವವರಿದ್ದಾರೆ. ಇಂಜೆಕ್ಟರ್ ಮೇಲೆ ಬೆಳ್ಳಗೆ ಉಪ್ಪು ಕಟ್ಟಿದ ಮೇಲೆ ಯಾರ ಹತ್ತಿರವೂ ಹೇಳಿಕೊಳ್ಳೋಕಾಗಲ್ಲ.

ಮಳೆ ನೀರಿನಲ್ಲಿ ಇಳಿದು ಬಂದ ಗಾಡಿಗೆ ಏನು ಮಾಡಿಸಬೇಕು?

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಲ್ಲ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲ ಕೆರೆ. ಎಷ್ಟು ಕಾರು ಎತ್ತಿದೆವು ಅಂತ ಲೆಕ್ಕ ಇಟ್ಟಿರಲಿಲ್ಲ. ಮಜಾ ಅಂದರೆ ಮುಳುಗಿದ ಕಾರುಗಳೆಲ್ಲ ಷೋರೂಮಿಗೆ ಹೋಗಿ ರಿಪೇರಿಯಾದವು, ಅವನ್ನು ಎತ್ತಿದ ನಮ್ಮ ಗಾಡಿಗಳನ್ನು ಯಾರೂ ನೋಡಲಿಲ್ಲ. ಎರಡು ತಿಂಗಳಾದ ಮೇಲೆ ನನ್ನ 407ನ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ಲಿನ ಗೇರು ಕೂತಿರುವ ಗೂಡು, ಕೊರೆಯುವ ಸದ್ದು ಮಾಡೋಕೆ ಶುರುಮಾಡಿತು. ಬಿಚ್ಚಿದರೆ ಕ್ರೌನ್ ಆಯಿಲ್ ಇರಬೇಕಾದ ಕಡೆ ಬ್ರೂ ಕಾಫಿ.

ಆದದ್ದೇನು ಅಂದರೆ, ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಬಿಟ್ಟ ಬ್ರೀದರ್ ತೂತಿನಿಂದ ನೀರು ಹೀರಿಕೊಳ್ಳುತ್ತೆ. ಹಬ್ಬಿನ ಮಟ್ಟ ನೀರಿನಲ್ಲಿ ನಿಂತಿದ್ದರೆ ಮಾರನೇ ದಿನವೇ ಹೌಸಿಂಗ್ ಮತ್ತು ಗೇರ್ ಬಾಕ್ಸಿನ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ ನೋಡಿ. ನೀರು ಭಾರ, ಅದೇ ಮೊದಲು ಬರುತ್ತೆ. ಹಬ್ ಗ್ರೀಸ್ ಬದಲಾಯಿಸಿ, ಜಾಯಿಂಟ್ ಕ್ರಾಸಿಗೆ ಹೊಸ ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಿರಿ, ಬ್ರೇಕ್ ಡ್ರಮ್ಮಿನ ಕೆಸರು ತೆಗೆಸಿ, ಡೀಸೆಲ್ ಫಿಲ್ಟರಿನ ಕೆಳಗಿನ ನೀರು ಬಿಡಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಒಣಗಿಸಿ ಹಾಕಬೇಡಿ, ಹೊಸದು ಹಾಕಿ.

ತುಂಬಿದ ಅಂಡರ್‌ಪಾಸಿಗೆ ಗಾಡಿ ಇಳಿಸಬೇಡಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಹೆಣ್ಣುಮಗಳು ಪ್ರಾಣ ಕಳೆದುಕೊಂಡರು, ಇಡೀ ಊರಿಗೆ ಗೊತ್ತಿರುವ ವಿಷಯ. ನೀರು ಇಳಿದ ಮೇಲೆ, ಮೇಲಿನಿಂದಲೇ ರೋಪ್ ಬಿಟ್ಟು ಎಳೆಯಿರಿ.

ಬ್ಯಾಟರಿ ಬೇಗ ಇಳಿಯುತ್ತೆ.

ಇಂಜಿನ್ ಆಫ್ ಮಾಡಿ ಬೀಕನ್, ವರ್ಕ್ ಲೈಟ್ ಹಾಕಿಕೊಂಡು ಕೂತಿರುತ್ತೀರಿ. ಎಲ್‌ಇಡಿ ಹಾಕಿಸಿ, ಟರ್ಮಿನಲ್ ಮೇಲಿನ ಬೆಳ್ಳನೆ ಪುಡಿ ಬಿಸಿನೀರಲ್ಲಿ ತೊಳೆದು ವ್ಯಾಸಲಿನ್ ಹಚ್ಚಿ. ಎಲೆಕ್ಟ್ರಿಕ್ ವಿಂಚ್ ಇದ್ದರೆ ಇಂಜಿನ್ ಓಡುತ್ತಿರುವಾಗಲೇ ಎಳೆಯಿರಿ.

ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವ ಮುಂಚೆ ಏನು ಮಾಡಿಸಬೇಕು?

ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಪ್ರತಿ ವರ್ಷ ಎಫ್‌ಸಿ. ಎಮಿಷನ್ ಸರ್ಟಿಫಿಕೇಟ್ ಬಿಎಸ್-4 ಮತ್ತು ನಂತರದ ಗಾಡಿಗೆ ಒಂದು ವರ್ಷ, ಹಳೆಯದಕ್ಕೆ ಆರು ತಿಂಗಳು. ಎಫ್‌ಸಿಗೆ ಅಂತ ಒಂದು ದಿನ ಮುಂಚೆ ಬಾಡಿಗೆ ಟೈರ್ ಹಾಕಿಸಿ, ಬಣ್ಣ ಬಳಿದು, ಪಾಸಾದ ಮೇಲೆ ಮತ್ತೆ ಬೋಳು ಟೈರ್ ಹಾಕುವ ಆಟ ನಮ್ಮ ಲೈನಿನಲ್ಲಿ ಇದೆ. ಎಫ್‌ಸಿ ಇಲ್ಲದ ಗಾಡಿ ಅಪಘಾತವಾದರೆ ಇನ್ಶೂರೆನ್ಸ್ ಕ್ಲೇಮಿಗೆ ತಕರಾರು ಬರುತ್ತೆ, ಮೇಲೆ ಹೊತ್ತ ಕಾರಿನ ಬೆಲೆ ನಮ್ಮ ಗಾಡಿಗಿಂತ ಹೆಚ್ಚಿರುತ್ತೆ ಅನ್ನುವುದನ್ನೂ ಯೋಚಿಸಿ. ತಾರೀಖುಗಳನ್ನು ಕ್ಯಾಬಿನ್ನಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ.

ಷೋರೂಮ್ ಸರ್ವೀಸಾ, ರಸ್ತೆಬದಿ ಮೆಕ್ಯಾನಿಕ್ಕಾ?

ವಾರಂಟಿ ಇರುವವರೆಗೆ ಷೋರೂಮ್. ಬಿಎಸ್-6 ಸೆನ್ಸರ್ ಕೆಲಸಕ್ಕೂ ಅಲ್ಲೇ. ಆದರೆ ಅಲ್ಲಿನವರು ಚಾಸಿ ತನಕ ನೋಡುತ್ತಾರೆ, ಬೆಡ್, ವಿಂಚ್, ಪಂಪ್ 'ನಮ್ಮದಲ್ಲ' ಅನ್ನುತ್ತಾರೆ. ಬಾಡಿ ಕಟ್ಟಿದವರು ಚಾಸಿ ನಮ್ಮದಲ್ಲ ಅನ್ನುತ್ತಾರೆ. ನನ್ನ ಹೊಸ ಗಾಡಿಯ ಪಿಟಿಓ ಹತ್ತಿರದ ಸೋರಿಕೆಯೊಂದು ಈ ಇಬ್ಬರ ನಡುವೆ ಮೂರು ವಾರ ಓಡಾಡಿತು. ಕೊನೆಗೆ ಸರಿಮಾಡಿದ್ದು ಲಗ್ಗೆರೆಯ ಒಬ್ಬ ಮೇಸ್ತ್ರಿ, ಓರಿಂಗ್ ಅನ್ನುವ ಒಂದು ರಬ್ಬರ್ ಬಳೆ ಹಾಕಿ. ಅಂಥ ಒಬ್ಬರ ನಂಬರ್ ನಿಮ್ಮ ಹತ್ತಿರವೂ ಇರಲಿ.

ಡ್ರೈವರ್ ಇದನ್ನೆಲ್ಲ ಮಾಡಲ್ಲ ಅಂತಾನೆ. ಏನು ಮಾಡೋದು?

ಟ್ರಿಪ್ಪಿಗಿಷ್ಟು ಬಾಟಾ ಕೊಡುತ್ತೀರಿ. ಗ್ರೀಸ್ ಹೊಡೆಯುವ ಅರ್ಧ ಗಂಟೆಗೆ ಏನೂ ಇಲ್ಲ. ಅವನು ಯಾಕೆ ಮಾಡುತ್ತಾನೆ? ನಾನು ಭಾನುವಾರ ಬೆಳಗ್ಗಿನ ರೋಪ್, ಗ್ರೀಸ್ ಕೆಲಸಕ್ಕೆ ಒಂದು ಟ್ರಿಪ್ಪಿನ ಬಾಟಾ ಕೊಡುತ್ತೇನೆ, ಮೇಲೆ ಯಶವಂತಪುರದಲ್ಲಿ ಖಾಲಿ ದೋಸೆ. ಅದು ಶುರುವಾದಾಗಿಂದ ತೊಂದರೆಗಳನ್ನು ಅವರೇ ಹುಡುಕಿ ತಂದು ಹೇಳುತ್ತಾರೆ. ಹೇಳಿದವನಿಗೆ 'ನೀನೇ ಮುರಿದಿದ್ದು' ಅಂತ ಬೈದರೆ ಮುಂದಿನ ಸಲ ಹೇಳಲ್ಲ, ಅಷ್ಟು ನೋಡಿಕೊಳ್ಳಿ.

ಆಯುಧಪೂಜೆಗೆ ಗಾಡಿ ತೊಳೆಯುವಾಗ ಏನಾದರೂ ಎಚ್ಚರ?

ಪ್ರೆಷರ್ ನೀರನ್ನು ವಿಂಚ್ ಮೋಟರ್, ವೈರಿಂಗ್ ಜಾಯಿಂಟ್, ಹಬ್ ಸೀಲಿನ ಮೇಲೆ ನೇರ ಹೊಡೆಯಬೇಡಿ. ತೊಳೆದ ಮೇಲೆ ಎಲ್ಲ ನಿಪ್ಪಲ್‌ಗೂ ಒಂದು ಸುತ್ತು ಗ್ರೀಸ್ ಹೊಡೆಯಿರಿ, ನೀರು ಹೊರಗೆ ಬರುತ್ತೆ. ಬಾಳೆಕಂದು ಕಟ್ಟುವಾಗ ಇಂಡಿಕೇಟರ್ ಮುಚ್ಚದಿರಲಿ. ಬೂದುಗುಂಬಳ ಒಡೆದ ಮೇಲೆ ಚೂರುಗಳನ್ನು ರಸ್ತೆಬದಿಗೆ ಗುಡಿಸಿ. ಪ್ರತಿ ವರ್ಷ ಅದರ ಮೇಲೆ ಜಾರಿ ಬಿದ್ದ ಸ್ಕೂಟರನ್ನು ಎತ್ತೋಕೆ ನಮಗೇ ಫೋನ್ ಬರುತ್ತೆ. ಇನ್ನು ನಿಂಬೆಹಣ್ಣು ನಾಲ್ಕಲ್ಲ, ಆರು ತನ್ನಿ. ಹಿಂದಿನ ಒಳ ಟೈರಿಗೂ ಇಡಬೇಕಲ್ಲ, ಬಗ್ಗಿ ಇಡುವಾಗ ಅಲ್ಲೇ ಕಮಾನು ಪಟ್ಟಿಯನ್ನೂ ಒಂದು ಸಲ ಟಾರ್ಚ್ ಹಾಕಿ ನೋಡಿಬಿಡಿ.